ಗುರುವಾರದ ಸೂಜಿ

(ಪ್ರಸಾರ: ಆಗಸ್ಟ್ 2024)

ಇವತ್ತು ರಾಜಕೀಯ ಬೇಡ. ಮುಡಾ ನಾಳೆಯೂ ಇರುತ್ತೆ, ಎಲ್ಲಿಗೂ ಹೋಗಲ್ಲ. ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗಿನಿಂದ ಅದರ ಬಗ್ಗೆ ಗಂಟಲು ಒಣಗುವಷ್ಟು ಮಾತಾಡಿದ್ದೀನಿ, ನೀವೂ ಕೇಳಿದ್ದೀರಿ. ಇವತ್ತು ಒಂದು ಕೂಸಿಗೆ ಹಾಕಿಸಿದ ಮೂರು ಸೂಜಿಯ ಬಗ್ಗೆ ಹೇಳ್ತೀನಿ. ಕೂಸು ನನ್ನದೇ. ಹಾಗಾಗಿ ಸ್ವಲ್ಪ ಸ್ವಂತ ಪುರಾಣ ಬರುತ್ತೆ, ಸಹಿಸಿಕೊಳ್ಳಿ.

ಮಗಳು ಹುಟ್ಟಿದ್ದು ಜೂನ್ 4ಕ್ಕೆ. ಅವತ್ತು ಏನಿತ್ತು ಅಂತ ನಿಮಗೆ ನೆನಪಿದೆ, ಲೋಕಸಭೆಯ ಮತ ಎಣಿಕೆ. ಬೆಳಗ್ಗೆ ಆರಕ್ಕೆ ಸ್ಟುಡಿಯೋದಲ್ಲಿ ಕೂತವನು ರಾತ್ರಿ ಹನ್ನೊಂದಕ್ಕೆ ಎದ್ದೆ. ಮಧ್ಯಾಹ್ನ ನಾನು ಇಲ್ಲಿ ರಾಯಚೂರು ಕ್ಷೇತ್ರದ ಅಂಕಿ ಓದ್ತಾ ಇದ್ದಾಗ ಅಲ್ಲಿ ರಾಯಚೂರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ನನಗೆ ಗೊತ್ತಾಗಿದ್ದು ಜಾಹೀರಾತಿನ ಬ್ರೇಕಿನಲ್ಲಿ. ಹೆಂಡತಿ ಇದನ್ನ ಇನ್ನೂ ಮರೆತಿಲ್ಲ. ಮರೆಯೋದೂ ಇಲ್ಲ ಅಂದುಕೊಂಡಿದ್ದೀನಿ.

ನನ್ನೂರು ದೇವದುರ್ಗ. ಇಂಜಿನಿಯರಿಂಗ್ ಓದಿದ್ದು ರಾಯಚೂರಿನಲ್ಲಿ. ಹೆಂಡತಿಯ ತವರು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ, ಬಾಣಂತನ ಅಲ್ಲೇ. ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಮೂರೂ ಆಗಿದ್ದವು. ನಾನಿಲ್ಲದಾಗ ಆದದ್ದು, ಹಾಗಾಗಿ ನನಗೆ ಯೋಚನೆಯೂ ಬರಲಿಲ್ಲ. ಯೋಚನೆ ಶುರುವಾಗಿದ್ದು ಜುಲೈನಲ್ಲಿ ಊರಿಗೆ ಹೋಗಿ ತಾಯಿ ಕಾರ್ಡ್ ಬಿಡಿಸಿ ನೋಡಿದಾಗ. ಆರು ವಾರ ತುಂಬಿದಾಗ ಒಂದೇ ದಿನ ಪೋಲಿಯೊ ಹನಿ, ರೋಟಾವೈರಸ್ ಹನಿ, ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ಪಿಸಿವಿ, ಬಲತೋಳಿನ ಚರ್ಮಕ್ಕೆ ಪೋಲಿಯೊದ್ದೇ ಇನ್ನೊಂದು ಸೂಜಿ. ನಾಲ್ಕು ಕೆ.ಜಿ. ಕೂಸಿಗೆ ಮೂರು ಸೂಜಿ!

ಪೆಂಟಾ ಅಂದ್ರೆ ಐದು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಮತ್ತೆ ಹಿಬ್ ಅನ್ನೋ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ, ಮೆದುಳು ಜ್ವರ. ಇದನ್ನೆಲ್ಲ ನಾನು ಕ್ಯಾಮೆರಾ ಮುಂದೆ ಎಷ್ಟು ಸಲ ಹೇಳಿಲ್ಲ? ತಪ್ಪದೇ ಲಸಿಕೆ ಹಾಕಿಸಿ ಅಂತ ಎಷ್ಟು ಸಲ ಕೈ ಮುಗಿದಿಲ್ಲ? ಆದರೆ ನನ್ನ ಮಗಳ ತೊಡೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಅಷ್ಟೇ ಇತ್ತು. ನಾನು ಹೆಂಡತಿಗೆ ಅಂದೆ, ಒಂದೇ ದಿನ ಎಲ್ಲ ಯಾಕೆ? ಈ ವಾರ ಒಂದು, ಮುಂದಿನ ವಾರ ಒಂದು ಹಾಕಿಸೋಣ. ಅಥವಾ ರಾಯಚೂರಲ್ಲಿ ದುಡ್ಡು ಕೊಟ್ಟರೆ ನೋವಿಲ್ಲದ ಲಸಿಕೆ ಸಿಗುತ್ತಂತೆ, ಅಲ್ಲೇ ಹಾಕಿಸೋಣ.

ಸೋಮವಾರ, ಜುಲೈ 15ಕ್ಕೆ, ಮಾನ್ವಿಯಿಂದ ರಾಯಚೂರಿಗೆ ಕರೆದುಕೊಂಡು ಹೋದೆವು, ಮಕ್ಕಳ ಡಾಕ್ಟರ ಹತ್ತಿರ. ಲಸಿಕೆಗಿಂತ ಮೊದಲು ತಪಾಸಣೆ. ಬಟ್ಟೆ ಬಿಚ್ಚಿ ತೂಗಿದರು. ಹುಟ್ಟಿದಾಗ 2.8, ಈಗ 4.1. ತಲೆಗೆ ಟೇಪು ಸುತ್ತಿ ಅಳತೆ ಬರೆದುಕೊಂಡರು. ಎರಡೂ ಕಾಲು ಮಡಿಸಿ ಅಗಲ ಮಾಡಿ ಸೊಂಟದ ಕೀಲು ನೋಡಿದರು. ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಸುಮಾರು ಹೊತ್ತು ಕಣ್ಣು ಮುಚ್ಚಿಕೊಂಡು ಕೇಳಿದರು. ಆ ಮೌನ ಇದೆಯಲ್ಲ, ಫಲಿತಾಂಶದ ದಿನ ಕೊನೇ ಸುತ್ತಿನ ಎಣಿಕೆಯಲ್ಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಕೂಸಿನ ಮುಖದ ಮುಂದೆ ಟಾರ್ಚು ಆಡಿಸಿದರು, ಕಣ್ಣು ಹಿಂದೆ ಹಿಂದೆ ಹೋಯಿತು. "ನಗತದೇನ್ರಿ?" ಅಂತ ಕೇಳಿದರು. "ನಗತಾಳ್ರಿ, ನಾ ಮಾತಾಡಿಸಿದ್ರ ನಗತಾಳ" ಅಂದಳು ನನ್ನ ಹೆಂಡತಿ. ಆಮೇಲೆ ಅವಳಿಗೇ ಕೇಳಿದರು, ನಿಮಗೆ ನಿದ್ದೆ ಆಗ್ತದಾ, ಸುಮ್ಮಸುಮ್ಮನೆ ಅಳು ಬರ್ತದಾ ಅಂತ. ಒಂದೂವರೆ ತಿಂಗಳಲ್ಲಿ ಆ ಪ್ರಶ್ನೆ ನಾನು ಒಂದು ಸಲವೂ ಕೇಳಿರಲಿಲ್ಲ.

ನಾನು ನನ್ನ ಪ್ರಶ್ನೆಗಳನ್ನ ತೆಗೆದೆ. ಮೊಬೈಲಿನಲ್ಲಿ ಬರೆದುಕೊಂಡಿದ್ದೆ, ಹದಿಮೂರು ಇದ್ದವು. ನಾಲ್ಕನೇದಕ್ಕೇ ಡಾಕ್ಟರು ಕೈ ಎತ್ತಿದರು: "ನೀವು ಡಿಬೇಟ್ ಮಾಡಾಕ ಬಂದೀರೋ, ಕೂಸು ತೋರಿಸಾಕ ಬಂದೀರೋ?"

ಆದರೆ ಉತ್ತರ ಕೊಟ್ಟರು, ನೆಟ್ಟಗೆ ಕೊಟ್ಟರು. ಸರ್ಕಾರಿ ಪೆಂಟಾದಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಸಾಯಿಸಿ ಇಡಿಯಾಗಿ ಹಾಕಿರುತ್ತಾರೆ. ಅದಕ್ಕೇ ಜ್ವರ, ಬಾವು ಸ್ವಲ್ಪ ಜಾಸ್ತಿ. ದುಡ್ಡಿನದ್ದರಲ್ಲಿ ಅದರ ಕೆಲವು ಭಾಗ ಮಾತ್ರ ಇರುತ್ತೆ, ಜ್ವರ ಕಮ್ಮಿ. ಆದರೆ ಅದರ ರಕ್ಷಣೆ ಬೇಗ ಇಳಿಯುತ್ತೆ. "ಸೂಜಿ ಎರಡರಾಗೂ ಒಂದೇ ರೀ, ಚುಚ್ಚಿದ್ರ ನೋವು ಆಗೇ ಆಗ್ತದ. ನೋವಿಲ್ಲದ್ದು ಅಂತ ಹೆಸರಿಟ್ಟಾರ ಅಷ್ಟ." ಹಾಗಾದರೆ ವಾರಕ್ಕೊಂದು ಹಾಕಿಸಲಾ ಅಂದೆ. ಆಗ ಮೂರು ವಾರ ಅಳಿಸ್ತೀರಿ, ಅಷ್ಟು ದಿನ ಕೂಸು ಬರಿಗೈಲಿ ಇರ್ತದ ಅಂದರು. ನಾಯಿಕೆಮ್ಮು ದೊಡ್ಡವರಿಗೆ ಬರೀ ಕೆಮ್ಮು. ಎರಡು ತಿಂಗಳ ಕೂಸಿಗೆ ಕೆಲವೊಮ್ಮೆ ಕೆಮ್ಮೇ ಬರಲ್ಲವಂತೆ, ಸುಮ್ಮನೆ ಉಸಿರು ನಿಲ್ಲುತ್ತಂತೆ. ಆಮೇಲೆ ಅವರು ಹೇಳಿದ ಮಾತು, ಒಬ್ಬ ಖಾಸಗಿ ಡಾಕ್ಟರು ಹೇಳಿದ್ದು ಅಂತ ಗಮನದಲ್ಲಿಡಿ: "ನಿಮ್ಮ ಊರಾಗ ಗುರುವಾರ ಹಾಕ್ತಾರಲ್ರಿ, ಅಲ್ಲೇ ಹಾಕಿಸ್ರಿ. ಇಲ್ಲೀತನ ಬಿಸಿಲಾಗ ಯಾಕ ಬರ್ತೀರಿ."

ಮರುದಿನ ಮನೆಗೆ ಇಬ್ಬರು ಬಂದರು. ಒಬ್ಬರು ಆಶಾ ಅಕ್ಕ. ಕೂಸು ಹುಟ್ಟಿದ ಮೇಲೆ 3, 7, 14, 21, 28, ಕೊನೆಗೆ 42ನೇ ದಿನ ಅಂತ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ನೋಡಬೇಕು, ಅದು ಅವರ ಕೆಲಸದ ಲೆಕ್ಕ. ಜುಲೈ 16ಕ್ಕೆ ಸರಿಯಾಗಿ 42 ದಿನ. ಚೀಲದಿಂದ ತಕ್ಕಡಿ ತೆಗೆದು ತೂಗಿ, "ನಾಡದ ಅಂಗನವಾಡಿಗೆ ಬರ್ರಿ, ಹತ್ತಕ್ಕ" ಅಂದು ಹೋದರು.

ಇನ್ನೊಬ್ಬರು ನಮ್ಮವ್ವ. ಮೊಮ್ಮಗಳನ್ನ ನೋಡಲು ದೇವದುರ್ಗದಿಂದ ಬಸ್ಸಲ್ಲಿ ಬಂದಿದ್ದರು. ಅವ್ವ ಓದಿದವರಲ್ಲ. ನಾನು ಇನ್ನೂ ಗೊಣಗ್ತಾ ಇದ್ದೆ, ಮೂರು ಸೂಜಿ, ಮೂರು ಸೂಜಿ ಅಂತ. ಅವ್ವ ಎಲೆ ಅಡಿಕೆ ಹಾಕ್ತಾ ಒಂದೇ ಮಾತು ಕೇಳಿದರು: "ನಿಮ್ಮಣ್ಣನ ಕಾಲು ನೋಡಿಲ್ಲೇನೋ ನೀನು?"

ಅಣ್ಣ ಅಂದ್ರೆ ನಮ್ಮ ದೊಡ್ಡಪ್ಪನ ಮಗ. ನನಗಿಂತ ಆರು ವರ್ಷ ದೊಡ್ಡವನು. ಎರಡು ವರ್ಷದವನಿದ್ದಾಗ ಜ್ವರ ಬಂತು, ಜ್ವರ ಬಿಟ್ಟಿತು, ಎಡಗಾಲು ಮಾತ್ರ ಏಳಲಿಲ್ಲ. ಈಗ ದೇವದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನಾನು ಇಂಜಿನಿಯರಿಂಗಿಗೆ ಸೇರುವಾಗ ನನ್ನ ಅಂಕಪಟ್ಟಿಗಳನ್ನೆಲ್ಲ ಬಿಟ್ಟಿ ಜೆರಾಕ್ಸ್ ಮಾಡಿಕೊಟ್ಟವನು ಅವನೇ. ನಮ್ಮ ದೇಶದಲ್ಲಿ ಪೋಲಿಯೊದ ಕೊನೇ ಪ್ರಕರಣ ಕಂಡಿದ್ದು 2011ರ ಜನವರಿ 13ಕ್ಕೆ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಆ ದಿನಾಂಕ ನನಗೆ ಬಾಯಿಪಾಠ. ಆದರೆ ನನ್ನ ಮಗಳ ಸೂಜಿಯನ್ನೂ ಅಣ್ಣನ ಕಾಲನ್ನೂ ಜೋಡಿಸಿ ನೋಡಿರಲಿಲ್ಲ. ಅವ್ವನಿಗೆ ದಿನಾಂಕ ಗೊತ್ತಿಲ್ಲ.

ಬುಧವಾರ ಮೊಹರಂ. ನಮ್ಮ ಕಡೆ ಇದಕ್ಕೆ ಅಲಾಯಿ ಹಬ್ಬ ಅಂತಾರೆ, ಹಿಂದೂ ಮುಸ್ಲಿಂ ಅಂತ ಇಲ್ಲ, ಊರಿಗೆ ಊರೇ ಮಾಡುತ್ತೆ. ಬೆಂಗಳೂರು, ಪುಣೆ ಕಡೆ ಗುಳೆ ಹೋದವರು ಯುಗಾದಿಗೆ ಬರದಿದ್ದರೂ ಅಲಾಯಿಗೆ ಬರ್ತಾರೆ. ಗುರುವಾರ ಬೆಳಗ್ಗೆ ನಾವು ಕೂಸನ್ನು ಎತ್ತಿಕೊಂಡು ಹೊರಟಾಗ ಅಲಾಯಿ ಕುಣಿಯ ಬೂದಿಯಲ್ಲಿ ಇನ್ನೂ ಬಿಸಿ ಇತ್ತು.

ಅಂಗನವಾಡಿಯಲ್ಲಿ ಹದಿನೈದು ಹದಿನಾರು ತಾಯಂದಿರು. ಗಂಡಸರು ನಾನು ಮತ್ತೆ ಒಬ್ಬ ಅಜ್ಜ. ಮೂಲೆಯಲ್ಲಿ ನೀಲಿ ಪೆಟ್ಟಿಗೆ. ಇಲ್ಲಿ ನನ್ನೊಳಗಿನ ಇಂಜಿನಿಯರ್ ಎದ್ದ, ಎರಡು ನಿಮಿಷ ಕೊಡಿ. ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಮೇ ತಿಂಗಳಲ್ಲಿ ರಾಯಚೂರು 40 ದಾಟುತ್ತೆ, ನಿಮಗೆ ಗೊತ್ತು. ಆ ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕ್, ನಡುವೆ ಬಾಟ್ಲಿಗಳು. ಕರೆಂಟ್ ಇಲ್ಲ, ಬ್ಯಾಟರಿ ಇಲ್ಲ. ನನಗೆ ಗೊತ್ತಿರದಿದ್ದ ವಿಷಯ ಏನಂದ್ರೆ, ಬಿಸಿಯಷ್ಟೇ ಅಲ್ಲ, ಅತಿ ತಣ್ಣಗಾದರೂ ಪೆಂಟಾ ಕೆಡುತ್ತೆ. ಅದಕ್ಕೆ ಸಿಸ್ಟರ್ ಬೆಳಗ್ಗೆ ಐಸ್ ಪ್ಯಾಕುಗಳನ್ನ ಹೊರಗಿಟ್ಟು, ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ನೀರಿನ ಸದ್ದು ಕೇಳಿದ ಮೇಲೇ ಪೆಟ್ಟಿಗೆಗೆ ಹಾಕ್ತಾರಂತೆ. ತೆಂಗಿನಕಾಯಿ ಆರಿಸಿದ ಹಾಗೆ! ಬಾಟ್ಲಿ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಬಿಳಿ ಚೌಕ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತೆ. ಹೊರಗಿನ ವೃತ್ತದ ಬಣ್ಣಕ್ಕೆ ಬಂತೋ, ಬಾಟ್ಲಿ ಎಸೀಬೇಕು. ನಾಲ್ಕು ವರ್ಷ ಇನ್‌ಸ್ಟ್ರುಮೆಂಟೇಶನ್ ಓದಿದವನು ನಾನು. ಇಷ್ಟು ಅಗ್ಗದ, ಇಷ್ಟು ಸರಳ ಮೀಟರ್ ಇನ್ನೊಂದು ನೋಡಿಲ್ಲ.

ಈ ಪೆಟ್ಟಿಗೆ ಇಲ್ಲದ ಕಾಲವೂ ಇತ್ತು. 1802ರ ಜೂನ್‌ನಲ್ಲಿ ಮುಂಬೈನಲ್ಲಿ ಅನ್ನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಹುಡುಗಿಗೆ ಸಿಡುಬಿನ ಲಸಿಕೆ ಹಾಕಿದರು, ನಮ್ಮ ದೇಶದಲ್ಲಿ ಮೊದಲನೇದು ಅದೇ. ಅವಳ ತೋಳಿನಲ್ಲಿ ಎದ್ದ ಗುಳ್ಳೆಯ ರಸ ತೆಗೆದು ಇನ್ನೊಂದು ಮಗುವಿಗೆ, ಅದರಿಂದ ಮತ್ತೊಂದಕ್ಕೆ. ಹಾಗೆ ತೋಳಿಂದ ತೋಳಿಗೆ ಹೈದರಾಬಾದ್, ಮದ್ರಾಸ್, ಕೊನೆಗೆ ಮೈಸೂರಿನ ಅರಮನೆಯವರೆಗೂ ಬಂತು. ಅವತ್ತು ಮಕ್ಕಳ ತೋಳೇ ನೀಲಿ ಪೆಟ್ಟಿಗೆ. ಇರಲಿ, ಅಂಗನವಾಡಿಗೆ ವಾಪಸ್ ಬರೋಣ.

ನಮ್ಮ ಸರದಿ ಬಂತು. ಮೊದಲು ಹನಿ. ಆಮೇಲೆ ತೋಳು, ಆಮೇಲೆ ತೊಡೆ. ಮಗಳು ಮೊದಲು ಬಾಯಿ ತೆರೆದಳು, ಸದ್ದಿಲ್ಲ, ಮುಖ ಕೆಂಪಾಯಿತು, ಆಮೇಲೆ ಬಂತು ನೋಡಿ ಸದ್ದು. ಹಿಡಿದುಕೊಂಡಿದ್ದು ನನ್ನ ಹೆಂಡತಿ. ನಾನು ಗೋಡೆ ಮೇಲಿದ್ದ ಅ ಆ ಇ ಈ ಚಾರ್ಟ್ ನೋಡ್ತಾ ನಿಂತಿದ್ದೆ. ಒಂದು ನಿಮಿಷವೂ ಆಗಲಿಲ್ಲ, ಎದೆಗೆ ಹಚ್ಚಿಕೊಂಡಳು, ಕೂಸು ಸುಮ್ಮನಾಯಿತು. ಅರ್ಧ ಗಂಟೆ ಇಲ್ಲೇ ಕೂಡ್ರಿ ಅಂದರು ಸಿಸ್ಟರ್. ರಾತ್ರಿ ಜ್ವರ ಬಂದರೆ ಇಷ್ಟು ಪ್ಯಾರಾಸಿಟಮಾಲ್ ಹನಿ, ಸೂಜಿ ಚುಚ್ಚಿದ ಜಾಗಕ್ಕೆ ಅರಿಶಿನ ಎಣ್ಣೆ ಏನೂ ಹಚ್ಚಬೇಡಿ, ಕಾರ್ಡ್ ಕಳೀಬೇಡಿ.

ಆ ಅರ್ಧ ಗಂಟೆಯಲ್ಲಿ ಕಂಡಿದ್ದು ಹೇಳೋಕೇ ಇವತ್ತು ಕೂತಿದ್ದೀನಿ.

ಆಶಾ ಅಕ್ಕ ಒಬ್ಬಳನ್ನ ಕೈ ಹಿಡಿದು ಕರೆದುಕೊಂಡು ಬಂದರು. ಇಪ್ಪತ್ತರ ಹುಡುಗಿ, ಕಂಕುಳಲ್ಲಿ ಐದು ತಿಂಗಳ ಗಂಡುಕೂಸು. ಕಾರ್ಡ್ ಇತ್ತು. ಮಡಿಸಿ ಮಡಿಸಿ ಗೆರೆ ಬಿದ್ದಿತ್ತು, ಮೂಲೆಯಲ್ಲಿ ಸಿಮೆಂಟು. ಹುಟ್ಟಿದಾಗಿನ ಮೂರು ಲಸಿಕೆ ಬರೆದಿತ್ತು. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ, ಮೂರೂ ಖಾಲಿ.

ನನ್ನ ತಲೆಯಲ್ಲಿ ಏನು ಬಂತು ಹೇಳಲಾ? ಅಯ್ಯೋ, ಮೂಢನಂಬಿಕೆ. ಸ್ಟುಡಿಯೋದಲ್ಲಿ ನಾವು ಹಾಗೇ ಮಾತಾಡೋದು. ಕರ್ನಾಟಕದಲ್ಲಿ ಒಂದರಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಎಲ್ಲ ಲಸಿಕೆ ಪೂರ್ತಿ ಆದವರು 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 63, ಐದನೇ ಸಮೀಕ್ಷೆ ಹೊತ್ತಿಗೆ 84. ಬಾಕಿ 16 ಯಾರು ಅಂದ ಕೂಡಲೇ ನಾಲ್ಕು ಕಿಟಕಿಯಲ್ಲಿ ನಾಲ್ಕು ಜನರನ್ನ ಕೂರಿಸಿ, ಅಜ್ಞಾನ, ವದಂತಿ, ಜಾಗೃತಿ ಇಲ್ಲ ಅಂತ ಒಂದು ಗಂಟೆ ಕೂಗ್ತೀವಿ.

ಆ ಹುಡುಗಿ ಹೇಳಿದ್ದು ಕೇಳಿ. ತವರು ಇದೇ ಊರು. ಕೊಟ್ಟಿದ್ದು ದೇವದುರ್ಗ ತಾಲ್ಲೂಕಿಗೆ. ಹೆರಿಗೆ ಅಲ್ಲಿ, ಹೆಸರು ಅಲ್ಲಿನ ಪಟ್ಟಿಯಲ್ಲಿ. ಮುಂಗಡ ತಗೊಂಡಿದ್ದರು, ಅದಕ್ಕೇ ಕೂಸಿಗೆ ತಿಂಗಳು ತುಂಬೋದರಲ್ಲೇ ಗಂಡನ ಜೊತೆ ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. "ಅಲ್ಲಿ ದವಾಖಾನಿಗೆ ಹೋಗಿದ್ವಿರಿ. ಇವತ್ತ ವಾರ ಅಲ್ಲ, ಗುರುವಾರ ಬಾ ಅಂದ್ರು. ಗುರುವಾರ ಹೋದ್ರ ನೀವು ಇಲ್ಲಿಯವರಲ್ಲಲ್ಲ, ನಿಮ್ಮ ಆಶಾ ಯಾರು ಅಂದ್ರು. ಎರಡು ದಿನದ ಪಗಾರ ಹೋತ್ರಿ. ಮೂರನೇದ್ದಕ್ಕ ನಮ್ಮ ಮೇಸ್ತ್ರಿ ಬಿಡಲಿಲ್ಲ." ಹೆದರಿಕೆ ಇಲ್ಲ, ಮೂಢನಂಬಿಕೆ ಇಲ್ಲ. ನಾನು ಒಂದು ವಾರ ಗೊಣಗಿದ ಮೂರು ಸೂಜಿಗೆ ಅವಳು ಎರಡು ಸಲ ಕೂಲಿ ಬಿಟ್ಟು ಸಾಲಿನಲ್ಲಿ ನಿಂತಿದ್ದಳು.

ದೇವದುರ್ಗದ ಪಟ್ಟಿಯಲ್ಲಿ ಆ ಕೂಸಿನ ಹೆಸರಿದೆ, ಕೂಸಿಲ್ಲ. ಬೆಂಗಳೂರಲ್ಲಿ ಕೂಸಿದೆ, ಹೆಸರಿಲ್ಲ. ಮಾನ್ವಿಯಲ್ಲಿ ಹಬ್ಬಕ್ಕೆ ಬಂದ ನೆಂಟ. ನಿಯಮ ಏನು? ದೇಶದ ಯಾವ ಸರ್ಕಾರಿ ಲಸಿಕಾ ಕೇಂದ್ರದಲ್ಲಾದರೂ ಯಾವ ಊರಿನ ಮಗುವಿಗೂ ಪುಕ್ಕಟೆ ಹಾಕಬೇಕು. ಈಗ ಯು-ವಿನ್ ಅಂತ ಆ್ಯಪ್ ಬಂದಿದೆ, ಎಲ್ಲಿ ಹಾಕಿಸಿದರೂ ದಾಖಲೆ ಸಿಗುತ್ತೆ. ಒಳ್ಳೇದು. ಆದರೆ ಅದು ನಿಂತಿರೋದು ಒಂದು ಮೊಬೈಲ್ ನಂಬರಿನ ಮೇಲೆ, ಆ ಹುಡುಗಿಯ ಮನೆಯಲ್ಲಿ ಇರೋ ಒಂದೇ ಮೊಬೈಲು ಗಂಡನ ಜೇಬಿನಲ್ಲಿ. ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರನ್ನ ಮಹತ್ವಾಕಾಂಕ್ಷಿ ಜಿಲ್ಲೆ ಅಂತ ಕರೆಯಿತು. ಹೆಸರು ಚೆನ್ನಾಗಿದೆ. ಗುಳೆ ಬಸ್ಸು ನಿಂತಿಲ್ಲ.

"ಇಕಿ ಬಂದಾಳ ಅಂತ ಹೆಂಗ ಗೊತ್ತಾತು ನಿಮಗ?" ಅಂತ ಆಶಾ ಅಕ್ಕನಿಗೆ ಕೇಳಿದೆ. "ಹಬ್ಬದಾಗ ಓಣಿ ಓಣಿ ತಿರಗ್ತೀನ್ರಿ ಸರ. ಹಗ್ಗದ ಮ್ಯಾಲ ಲಂಗೋಟಿ ಒಣಗಾಕ ಹಾಕಿದ್ರ ಕೂಸು ಬಂದದ ಅಂತ ಲೆಕ್ಕ. ಇವತ್ತ ಸಂಜಿಗೆ ಬಸ್ ಹತ್ತತಾರ. ಹತ್ತೂದ್ರಾಗ ಹಿಡೀಬೇಕು." ಐದು ತಿಂಗಳಾದರೂ ತಡ ಆಗಿಲ್ಲ ಅಂದರು ಸಿಸ್ಟರ್. ಒಂದು ವರ್ಷದೊಳಗೆ ಪೆಂಟಾ ಶುರು ಮಾಡಬಹುದು, ಮೊದಲಿಂದ ಹಾಕಿ ನಾಲ್ಕು ನಾಲ್ಕು ವಾರ ಬಿಟ್ಟು ಮುಂದುವರಿಸಿದರೆ ಆಯಿತು. ಆ ಕೂಸಿಗೂ ಅವತ್ತೇ ಮೂರು ಸೂಜಿ.

ಮಾತಿಗೆ ಮಾತು ಬಂತು. ಅಕ್ಕ ನನ್ನನ್ನ ಟಿವಿಯಲ್ಲಿ ನೋಡಿದ್ದರು. "ನಿಮ್ಮಂತಾರು ಟಿವಿಯಾಗ ಚಲೋ ಹೇಳಿದ್ರ ನಮಗ ಹಗುರ ಆಗ್ತದ್ರಿ. ಆ ದಡಾರದ ಸೂಜಿ ಹಾಕೂಮುಂದ ಎಷ್ಟ ಬೈಸಿಕೊಂಡೀವಿ! ಸಾಲಿ ಮಕ್ಕಳಿಗೆ ಏನೋ ಆಗ್ಯಾವಂತ ಟಿವಿಯಾಗ ಬಂತು. ಮರುದಿನ ನಮ್ಮೂರ ಸಾಲಿಗೆ ಹುಡುಗ್ರನ್ನ ಕಳಸಲೇ ಇಲ್ಲ."

2017ರ ಫೆಬ್ರುವರಿ. ದಡಾರ-ರುಬೆಲ್ಲಾ ಅಭಿಯಾನ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗೆ ಎಲ್ಲ ಮಕ್ಕಳಿಗೆ ಒಂದು ಸೂಜಿ. ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ವಾಟ್ಸ್‌ಆ್ಯಪ್ ತುಂಬಾ ವದಂತಿ. ನಾನಾಗ ಬೇರೊಂದು ಕಡೆ ಡೆಸ್ಕಿನಲ್ಲಿ ಹೊಸಬ, ಸ್ಕ್ರೀನಿನ ಕೆಳಗೆ ಓಡುವ ಪಟ್ಟಿ ಬರೆಯೋದು ನನ್ನ ಕೆಲಸ. ಒಂದು ಶಾಲೆಯಲ್ಲಿ ಸೂಜಿ ಹಾಕಿಸಿಕೊಂಡ ಕೆಲವು ಹುಡುಗಿಯರು ತಲೆಸುತ್ತಿ ಬಿದ್ದರು ಅಂತ ಸುದ್ದಿ ಬಂತು. ಲಸಿಕೆ ಎಡವಟ್ಟು, ಪ್ರಶ್ನಾರ್ಥಕ ಚಿಹ್ನೆ. ಬರೆದವನು ನಾನೇ. ಆ ಚಿಹ್ನೆ ಹಾಕಿದರೆ ನಮಗೆ ಜವಾಬ್ದಾರಿ ಇಲ್ಲ ಅಂತ ಹೇಳಿಕೊಟ್ಟಿದ್ದರು, ನಾನೂ ನಂಬಿದ್ದೆ. ಸಂಜೆ ಹೊತ್ತಿಗೆ ಹುಡುಗಿಯರೆಲ್ಲ ಊಟ ಮಾಡಿ ಮನೆಗೆ ಹೋಗಿದ್ದರು, ಗಾಬರಿಗೆ ಬಿದ್ದಿದ್ದು ಅಂದರು ಡಾಕ್ಟರು. ಅದು ಒಂದು ಸಲ ಓಡಿತು. ಮೊದಲನೇದು ಮಧ್ಯಾಹ್ನ ಪೂರ್ತಿ ಓಡಿತ್ತು.

ಅಕ್ಕ ನೋಡಿದ್ದು ನಾನು ಬರೆದ ಸಾಲೇ ಇರಬೇಕು ಅಂತೇನಿಲ್ಲ. ಆ ವಾರ ಎಲ್ಲರೂ ಬರೆದಿದ್ದರು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಅವರಿಗೆ ಏನೂ ಹೇಳಲಿಲ್ಲ, ಚಹಾ ಕುಡಿದೆ. ಈಗ ಇಲ್ಲಿ ಕೂತು ಹೇಳ್ತಾ ಇದ್ದೀನಿ.

ಸಿಸ್ಟರ್ ಎರಡೂ ಕಾರ್ಡಿನಲ್ಲಿ ಮುಂದಿನ ದಿನಾಂಕ ಬರೆದರು. ನಾಲ್ಕು ವಾರಕ್ಕೆ, ಆಗಸ್ಟ್ 15. ಬರೆದ ಮೇಲೆ ನಕ್ಕರು, ಅವತ್ತು ಧ್ವಜ ಹಾರಿಸ್ತಾರೆ, ಸೂಜಿ ಇರಲ್ಲ. ಹೊಡೆದು 22 ಅಂತ ತಿದ್ದಿದರು. ಆ ಹುಡುಗಿ ಕಾರ್ಡ್ ಮಡಿಸಿ ಕುಪ್ಪಸದಲ್ಲಿಟ್ಟುಕೊಂಡಳು. ನಾನು ಅವಳ ಗಂಡನ ನಂಬರ್ ತಗೊಂಡೆ, ಸೈಟ್ ಎಲ್ಲಿ ಅಂತ ಕೇಳಿದೆ, ಹತ್ತಿರದ ಆರೋಗ್ಯ ಕೇಂದ್ರ ಯಾವುದು ಅಂತ ಹುಡುಕಿ ಕಾರ್ಡಿನ ಹಿಂದೆ ಬರೆದುಕೊಟ್ಟೆ. ಯಾರಾದರೂ ಇಲ್ಲಿಯವರಲ್ಲ ಅಂದರೆ ನನಗೆ ಫೋನ್ ಮಾಡು ತಂಗೀ ಅಂದೆ. ದೊಡ್ಡ ಮನುಷ್ಯನ ಹಾಗೆ.

ಮಗಳಿಗೆ ಆ ರಾತ್ರಿ ಜ್ವರ ಬಂತು, ಬೆಳಗ್ಗೆ ಬಿಟ್ಟಿತು. ಮೊನ್ನೆ 22ಕ್ಕೆ ಎರಡನೇ ಸುತ್ತು ಅದೇ ಅಂಗನವಾಡಿಯಲ್ಲಿ ಆಯಿತು, ಮಾವನೇ ಕರೆದುಕೊಂಡು ಹೋಗಿದ್ದರು. ನಾನು ಇಲ್ಲಿ ಗೇಟಿನ ಚರ್ಚೆಯಲ್ಲಿದ್ದೆ.

ಅದೇ ದಿನ ಬ್ರೇಕಿನಲ್ಲಿ ಆ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮರುದಿನ ಸೈಟಿಗೇ ಹೋದೆ, ಕಚೇರಿಯಿಂದ ನಲವತ್ತು ನಿಮಿಷ. ಕಟ್ಟಡ ನಾಲ್ಕನೇ ಮಹಡಿಗೆ ನಿಂತಿತ್ತು. ಸ್ಲ್ಯಾಬ್ ಮುಗೀತು ಸಾರ್, ಆ ರಾಯಚೂರು ಗ್ಯಾಂಗು ಹೋಗಿ ಹತ್ತು ದಿನ ಆಯ್ತು ಅಂದ ವಾಚ್‌ಮನ್. ಎಲ್ಲಿಗೆ ಅಂದೆ. ಹೊಸೂರು ಕಡೆ ಅಂತಾರೆ ಸಾರ್, ಗೊತ್ತಿಲ್ಲ.

ಆಶಾ ಅಕ್ಕನಿಗೆ ಫೋನ್ ಮಾಡಿದೆ. ಸ್ವಲ್ಪ ಜೋರಾಗೇ ಮಾತಾಡಿದೆ ಅನ್ಸುತ್ತೆ, ಇಲ್ಲಿ ಮಾತಾಡುವ ಅಭ್ಯಾಸ. ಅವರು ಪೂರ್ತಿ ಕೇಳಿಸಿಕೊಂಡರು. ಹಿಂದೆ ಯಾರೋ ಕೂಸು ಅಳ್ತಾ ಇತ್ತು.

"ದಸರಾಕ್ಕ ಬರ್ತಾರ್ರಿ ಸರ" ಅಂದರು. "ಕೂಸಿಗೆ ಆಗ ಎಂಟು ತಿಂಗಳು ಆಗಿರ್ತದ. ಹಗ್ಗದ ಮ್ಯಾಲ ನೋಡ್ತೀನಿ."